ನಂದಿ ಬೆಟ್ಟದ ತಪ್ಪಲಿನ ಹೋಂಸ್ಟೇಗೆ ಸೋಫಾ ಆಯುವಾಗ

ಚಿಕ್ಕಬಳ್ಳಾಪುರದ ಆಸುಪಾಸಿನಲ್ಲಿ ಹೋಂಸ್ಟೇ ನಡೆಸುವವರಿಗೆ ಹಾಸಿಗೆಗಿಂತ ಮೊದಲು ಸೋಫಾ ಕೈಕೊಡುತ್ತದೆ. ಶನಿವಾರ ರಾತ್ರಿ ಬೆಂಗಳೂರಿನಿಂದ ಬಂದಿಳಿದವರು ನಸುಕಿನಲ್ಲೇ ಎದ್ದು ನಂದಿ ಬೆಟ್ಟಕ್ಕೋ ಸ್ಕಂದಗಿರಿಗೋ ಹೋಗಿ, ಮಂಜಿಗೆ ತೊಯ್ದ ಜಾಕೀಟು ಮತ್ತು ಕೆಮ್ಮಣ್ಣು ಮೆತ್ತಿದ ಪ್ಯಾಂಟಿನಲ್ಲಿ ಹಿಂದಿರುಗಿ, ತಿಂಡಿ ಬರುವ ತನಕ ಒರಗಿಕೊಳ್ಳುವುದು ಅದರ ಮೇಲೆಯೇ. ಮನೆಮಂದಿ ಎಂದೂ ಮಾಡದ ಕೆಲಸಗಳನ್ನು ಅತಿಥಿಗಳು ಮಾಡುತ್ತಾರೆ: ಸೋಫಾದ ಕೈಯ ಮೇಲೆ ಕೂರುತ್ತಾರೆ, ಟಿ.ವಿ.ಯ ನೇರಕ್ಕೆ ಅದನ್ನು ದರದರನೆ ಎಳೆಯುತ್ತಾರೆ, ಮಕ್ಕಳನ್ನು ಅದರ ಮೇಲೆ ಕುಣಿಯಲು ಬಿಡುತ್ತಾರೆ. ಆದ್ದರಿಂದ ಎಂದಿಗೂ ಕೆಡದ ಸೋಫಾವನ್ನು ಹುಡುಕುವ ಬದಲು, ಕೆಟ್ಟಾಗ ಊರಿನ ಕುಶನ್ ಕೆಲಸದವರು ಬಿಚ್ಚಿ ಸರಿಪಡಿಸಬಹುದಾದ ಸೋಫಾವನ್ನು ಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ.

ಮೊದಲು ಚೌಕಟ್ಟನ್ನು ನೋಡಬೇಕು. ತೇಗವಾದರೆ ಚೇಗು, ಅಂದರೆ ಒಳಗಿನ ಗಟ್ಟಿ ಮರದ ಭಾಗದ್ದೇ ಆಗಿರಲಿ. ಹೊರಪದರದ ಬಿಳಿ ಮರಕ್ಕೆ ಗೆದ್ದಲು ಬೇಗ ಹತ್ತುತ್ತದೆ. ನೀಲಗಿರಿ ನಮ್ಮ ಸೀಮೆಯಲ್ಲಿ ಬೇಕಾದಷ್ಟು ಬೆಳೆಯುವುದರಿಂದ ಅಗ್ಗವಾಗಿ ದೊರೆಯುತ್ತದೆಯಾದರೂ, ಅದು ಒಣಗುವಾಗ ಸೀಳುವ ಮತ್ತು ತಿರುಚಿಕೊಳ್ಳುವ ಮರವಾದ್ದರಿಂದ ಚೌಕಟ್ಟಿಗೆ ಒಪ್ಪಿಕೊಳ್ಳಬೇಡಿ. ಪ್ಲೈವುಡ್ ಬಳಸಿದ್ದರೆ ಹಾಳೆಯ ಮೇಲೆ ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಗುರುತಾದ ಐ.ಎಸ್. 710 ಎಂಬ ಮುದ್ರೆಯಿದೆಯೇ ಎಂದು ಕೇಳಿ, ಐ.ಎಸ್. 303ರ ಸಾಧಾರಣ ದರ್ಜೆಯದು ನೀರನ್ನು ಅಷ್ಟು ತಡೆಯುವುದಿಲ್ಲ. ಪಾರ್ಟಿಕಲ್ ಬೋರ್ಡ್ ಒಮ್ಮೆ ತೇವ ಕುಡಿದು ಉಬ್ಬಿದರೆ ಸ್ಕ್ರೂ ಹಿಡಿಯುವುದೇ ಇಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸೋಫಾದ ಮುಂದಿನ ಒಂದು ಮೂಲೆಯನ್ನು ಗೇಣುದ್ದ ಮೇಲೆತ್ತಿದಾಗ ಮುಂದಿನ ಇನ್ನೊಂದು ಕಾಲೂ ಬೇಗನೆ ನೆಲ ಬಿಡಬೇಕು. ಅದು ನೆಲಕ್ಕೇ ಅಂಟಿಕೊಂಡಿದ್ದರೆ ಚೌಕಟ್ಟು ಬಳುಕುತ್ತಿದೆಯೆಂದು ಅರ್ಥ. ಬಳಿಕ ಅದನ್ನು ಮಗುಚಿಸಿ, ಅಡಿಯ ಕಪ್ಪು ಬಟ್ಟೆಯನ್ನು ಸ್ವಲ್ಪ ಬಿಚ್ಚಿ ತೋರಿಸುವಂತೆ ಕೇಳಿ. ಮೂಲೆಗಳಲ್ಲಿ ತ್ರಿಕೋನದ ಮರದ ತುಂಡನ್ನು ಅಂಟು ಮತ್ತು ಸ್ಕ್ರೂಗಳಿಂದ ಕೂರಿಸಿರಬೇಕು. ಬರೀ ಸ್ಟೇಪಲ್ ಪಿನ್ನುಗಳೇ ಕಂಡರೆ, ಅಥವಾ ಅಂಗಡಿಯವರು ತೋರಿಸಲು ಒಪ್ಪದಿದ್ದರೆ, ಮುಂದಿನ ಅಂಗಡಿಗೆ ನಡೆಯಿರಿ.

ಹಣ ಹೆಚ್ಚು ಹಾಕಬೇಕಾದ ಜಾಗ ಫೋಮ್. ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುವುದು ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ಬಾಡಿಗೆ ಮನೆಯ ಸೋಫಾದ ಕೂರುವ ಭಾಗಕ್ಕೆ 40ರ ಎಚ್.ಆರ್. (ಹೈ ರೆಸಿಲಿಯನ್ಸ್, ಅಂದರೆ ಒತ್ತಿದರೂ ಬೇಗ ಮೇಲೇಳುವ) ಫೋಮನ್ನೇ ಕೇಳಿ, ಬೆನ್ನಿಗೆ 32ಕ್ಕಿಂತ ಕಡಿಮೆಯದಾದರೂ ನಡೆಯುತ್ತದೆ. ಬಾಯಿಮಾತನ್ನು ನಂಬುವ ಬದಲು ತಕ್ಕಡಿಯನ್ನು ನಂಬಬಹುದು: 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ತುಂಡು 40 ಡೆನ್ಸಿಟಿಯದಾದರೆ ಸುಮಾರು 1.44 ಕಿಲೋ, 32ರದಾದರೆ 1.15 ಕಿಲೋ ತೂಗುತ್ತದೆ. ತೂಕ ಬರಲೆಂದು ಸೀಮೆಸುಣ್ಣದಂಥ ಪುಡಿ ಬೆರೆಸಿದ ಫೋಮೂ ಮಾರುಕಟ್ಟೆಯಲ್ಲಿದೆ. ಆದ್ದರಿಂದ ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಉಳಿಯದೆ ಕೂಡಲೇ ಮೇಲೇಳುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಕುಶನ್ನುಗಳು ಬಿಡಿಬಿಡಿಯಾಗಿದ್ದು, ಎರಡೂ ಮಗ್ಗುಲು ಬಳಸುವಂತಿದ್ದರೆ ವಾರಕ್ಕೊಮ್ಮೆ ತಿರುವಿ ಹಾಕಬಹುದು.

ಹೊದಿಕೆಯ ವಿಷಯದಲ್ಲಿ ನಾನೂ ಮೋಸಹೋದವನೇ. ಒರೆಸಿದರೆ ಸಾಕು ಎಂಬ ಮಾತಿಗೆ ಮರುಳಾಗಿ ಒಂದು ಅಂಗಡಿಯಿಂದ ತಂದ ಚರ್ಮದಂತೆ ಕಾಣುವ ರೆಕ್ಸಿನ್ ಸೋಫಾ, ಮೂರನೆಯ ಬೇಸಿಗೆ ಕಳೆಯುವಷ್ಟರಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯತೊಡಗಿತು. ಬಟ್ಟೆಗೆ ಅಂಟಿಸಿದ ತೆಳುವಾದ ಪದರ ತೇವಕ್ಕೂ ಬೆವರಿಗೂ ಎಣ್ಣೆತಲೆಗೂ ಸಡಿಲಗೊಂಡು ಒಮ್ಮೆ ಎದ್ದಿತೆಂದರೆ ಅದಕ್ಕೆ ರಿಪೇರಿಯಿಲ್ಲ. ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆ ಈ ಕೆಲಸಕ್ಕೆ ವಾಸಿ. ಉಜ್ಜುವಿಕೆಯನ್ನು ಅಳೆಯುವ ಮಾರ್ಟಿನ್‌ಡೇಲ್ ಪರೀಕ್ಷೆಯ ಅಂಕಿ ಮಾದರಿ ಪುಸ್ತಕದ ಹಿಂಬದಿಯಲ್ಲಿ ಇದ್ದರೆ, 40,000 ದಾಟಿದ್ದನ್ನು ಆರಿಸಿ. ಕೆನೆಬಣ್ಣ ಫೋಟೋದಲ್ಲಿ ಚೆಂದ, ನಮ್ಮ ಕೆಮ್ಮಣ್ಣಿನಲ್ಲಿ ಒಂದು ತಿಂಗಳೂ ಬಾಳದು. ತೀರ ಕಪ್ಪಾದ ಬಟ್ಟೆಯ ಮೇಲೆ ಧೂಳು ಎದ್ದು ಕಾಣುತ್ತದೆ. ಇಟ್ಟಿಗೆ ಬಣ್ಣ, ಕಂದು, ಮಿಶ್ರ ನೂಲಿನ ಬೂದು ಬಣ್ಣಗಳು ಎರಡನ್ನೂ ನುಂಗಿಕೊಳ್ಳುತ್ತವೆ.

ನೀರಿನ ಮಾತನ್ನು ಇಲ್ಲಿ ಬಿಡುವಂತಿಲ್ಲ. ಸಾವಿರ ಅಡಿಯ ಕೊಳವೆಬಾವಿಯಿಂದ ಬರುವ ಗಡಸು ನೀರಿನಲ್ಲಿ ಸೋಫಾವನ್ನು ಒರೆಸಿದರೆ ಒಣಗಿದ ಮೇಲೆ ಬಿಳಿ ಅಂಚು ಉಳಿಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಕಲೆ ತೆಗೆಯಲೆಂದೇ ಇಟ್ಟುಕೊಳ್ಳಿ. ಕವರುಗಳಿಗೆ ಜಿಪ್ ಇರಲೇಬೇಕು, ಮತ್ತು ಎರಡು ಜೊತೆ ಹೊಲಿಸಿಡಬೇಕು. ಭಾನುವಾರ ಒಬ್ಬರು ಖಾಲಿ ಮಾಡಿ ಸೋಮವಾರ ಇನ್ನೊಬ್ಬರು ಬರುವಾಗ ಒಗೆದದ್ದು ಒಣಗುವ ತನಕ ಕಾಯಲಾಗದು.

ಸೋಫಾ ಕಮ್ ಬೆಡ್ ಬೇಡ. ಅದರ ಕಬ್ಬಿಣದ ಮಡಿಕೆಗಳನ್ನು ಅತಿಥಿಗಳು ಬಲವಂತವಾಗಿ ಎಳೆದು ಬಗ್ಗಿಸುತ್ತಾರೆ. ಒಬ್ಬರಿಗೆ ಹೆಚ್ಚುವರಿ ಹಾಸಿಗೆ ಬೇಕಿದ್ದರೆ ದಿವಾನವೇ ಸಾಕು. ಪೊರಕೆ ಆಡುವಂತೆ ಕಾಲುಗಳು ಕನಿಷ್ಠ 15 ಸೆಂ.ಮೀ. ಎತ್ತರವಿರಲಿ, ತುದಿಗೆ ರಬ್ಬರ್ ಬುಷ್ ಇರಲಿ. ಗೆದ್ದಲಿನ ಮಣ್ಣಿನ ಗೆರೆ ಕಣ್ಣಿಗೆ ಬೀಳಲೆಂದು ಸೋಫಾವನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ಬಾಗಿಲಿನ ಅಗಲವನ್ನು ಅಳೆಯದೆ ಮುಂಗಡ ಕೊಡಬೇಡಿ.

ಕೊನೆಗೆ, ಬಟ್ಟೆ ಕತ್ತರಿಸುವ ದಿನವೇ ಅದೇ ರೋಲಿನಿಂದ ಮೂರು ಮೀಟರ್ ಹೆಚ್ಚಿಗೆ ಕೊಂಡು, ಬೀರುವಿನಲ್ಲಿ ಸುತ್ತಿಡಿ. ಆರು ತಿಂಗಳ ಮೇಲೆ ಅದೇ ಹೆಸರಿನ, ಅದೇ ನಂಬರಿನ ಬಟ್ಟೆಯನ್ನು ತಂದರೂ ಬಣ್ಣ ಹಾಕಿದ ಸರದಿ ಬೇರೆಯಾಗಿದ್ದರೆ ತೇಪೆ ದೂರದಿಂದಲೇ ಕಾಣುತ್ತದೆ.