‘ಅವಾಚ್ಯ’ ಎಂದು ಬರೆಯಬೇಡಿ

ಠಾಣೆಯ ರೈಟರ್ ಕೀಬೋರ್ಡಿನಿಂದ ಕೈ ತೆಗೆದು, ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿ, “ಇದನ್ನ ಹೀಗೇ ಹಾಕೋದು ಬೇಡ ಮೇಡಂ, ‘ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ’ ಅಂತ ಬರ್ಕೋತೀನಿ, ಸಾಕು” ಎಂದರು. ಅವರ ಸಂಕೋಚ ನಿಜವಾದದ್ದೇ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಾಗಿದ್ದ ಅವರಿಗೆ ನನ್ನ ಎದುರು ಆ ಮಾತನ್ನು ಟೈಪ್ ಮಾಡುವುದು ಕಷ್ಟವಾಗಿತ್ತು. ಆದರೆ ಇಪ್ಪತ್ತು ವರ್ಷಗಳಿಂದ ಕ್ರಯಪತ್ರ, ಮರಣಶಾಸನ, ಪೊಲೀಸ್ ದೂರುಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಿ ಸಂಸಾರ ತೂಗಿಸುತ್ತಿರುವ ನನಗೆ ‘ಅವಾಚ್ಯ ಶಬ್ದಗಳು’ ಎಂಬ ಜೋಡಿಪದ ಹಳೆಯ ಪರಿಚಯ. ಎಷ್ಟೋ ಹೆಂಗಸರ ದೂರುಗಳಲ್ಲಿ ಅದು ಬಂದಾಗ ಅಷ್ಟೇ ಮಬ್ಬಾದ ಇಂಗ್ಲಿಷ್ ಪದವೊಂದನ್ನು ಹಾಕಿ ಮುಂದಿನ ಸಾಲಿಗೆ ಹೋಗಿದ್ದೇನೆ. ಅದರ ಹಿಂದೆ ನಿಜವಾಗಿ ಯಾವ ಮಾತಿತ್ತೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಇದೆಲ್ಲ ಆರಂಭವಾದದ್ದು 2023ರ ಜೂನ್‌ನಲ್ಲಿ. ಆ ತಿಂಗಳ 11ರಂದು ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಸಿಗತೊಡಗಿತ್ತು. ಹನುಮಂತನಗರದಿಂದ ಮೆಜೆಸ್ಟಿಕ್ ಕಡೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ, ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು, ವಾರದ ಟಿಕೆಟ್ ದುಡ್ಡು ಉಳಿದದ್ದರಲ್ಲಿ ಮಗಳಿಗೆ ನೋಟ್‌ಬುಕ್ ಕೊಡಿಸಿದ್ದನ್ನು ಹೇಳಿದರು. ಅದನ್ನೇ ಹತ್ತು ಸಾಲಿನಲ್ಲಿ ಬರೆದು ನನ್ನ ಜಾಲತಾಣದ ಖಾತೆಯಲ್ಲಿ ಹಾಕಿದೆ. ಯೋಜನೆಯ ಖರ್ಚು, ಲಾಭ, ನಷ್ಟದ ಬಗ್ಗೆ ವಾದ ಮಾಡಲು ಬಂದವರೂ ಇದ್ದರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಎರಡನೆಯ ದಿನದ ಹೊತ್ತಿಗೆ ಯಾರೋ ಅದನ್ನು ದೊಡ್ಡ ಪುಟವೊಂದರಲ್ಲಿ ಹಂಚಿದ್ದರಿಂದ, ಬಸ್ಸಿನ ಬಗ್ಗೆ ಏನೂ ಹೇಳದೆ ನನ್ನ ಮೈ, ನನ್ನ ವಯಸ್ಸು, ನನ್ನ ಗಂಡನ ಗಂಡಸುತನದ ಬಗ್ಗೆ ಮಾತ್ರ ಹೇಳುವ ಪ್ರತಿಕ್ರಿಯೆಗಳು ಬರತೊಡಗಿದವು.

ನಾನು ಮಾಡಿದ ಮೊದಲ ಕೆಲಸ ತಪ್ಪು ಕೆಲಸ. ರಾತ್ರಿ ಹನ್ನೊಂದರಿಂದ ಒಂದು ಗಂಟೆಯವರೆಗೆ ಕುಳಿತು ಸುಮಾರು ನಲವತ್ತು ಪ್ರತಿಕ್ರಿಯೆಗಳನ್ನು ಅಳಿಸಿ, ಬರೆದವರನ್ನೆಲ್ಲ ಬ್ಲಾಕ್ ಮಾಡಿದೆ. ಅಮ್ಮ ಬೆಳಿಗ್ಗೆ, “ಕೆಸರಿಗೆ ಕಲ್ಲು ಹಾಕಿದ್ರೆ ಮುಖಕ್ಕೇ ಸಿಡಿಯೋದು, ಒಳ್ಳೇದಾಯ್ತು ತೆಗೆದದ್ದು” ಎಂದರು. ಹೈಸ್ಕೂಲಿನಿಂದಲೂ ಗೆಳತಿಯಾದ, ಈಗ ವಕೀಲಿ ಮಾಡುತ್ತಿರುವವಳು ಮಾತ್ರ ಫೋನಿನಲ್ಲೇ ತಲೆ ಚಚ್ಚಿಕೊಂಡಳು. ಅಳಿಸಿದ ನಲವತ್ತರಲ್ಲಿ ನನ್ನ ಮನೆಯ ರಸ್ತೆಯ ಹೆಸರು ಹಾಕಿದ್ದ ಒಂದಿತ್ತು. ಅದು ಯಾರದ್ದೆಂದು ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಲೆಕ್ಕ ಇಡುವ ಕೆಲಸವನ್ನು ಅತ್ತಿಗೆ ವಹಿಸಿಕೊಂಡರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅವರು ಉದ್ದನೆಯ ನೋಟ್‌ಬುಕ್ಕಿಗೆ ಕೆಂಪು ಗೆರೆ ಎಳೆದು, ವೋಚರ್ ನಮೂದಿಸುವ ಗಾಂಭೀರ್ಯದಿಂದಲೇ, ದಿನಾಂಕ, ಗಂಟೆ, ಖಾತೆಯ ಹೆಸರು, ಖಾತೆಯ ವಿಳಾಸ, ಪದಶಃ ಬರಹ ಎಂದು ಐದು ಕಾಲಂ ಮಾಡಿದರು. ಖಾತೆಯ ಹೆಸರಿಗಿಂತ ವಿಳಾಸ ಮುಖ್ಯ ಎಂಬುದು ನಮಗೆ ಮೂರನೆಯ ದಿನ ಅರ್ಥವಾಯಿತು, ಏಕೆಂದರೆ ಬೆಳಿಗ್ಗೆ ಸಿನಿಮಾ ನಟನ ಹೆಸರಿಟ್ಟುಕೊಂಡಿದ್ದವನು ಸಂಜೆಗೆ ದೇವರ ಹೆಸರಿಗೆ ಬದಲಾಗಿದ್ದ, ಆದರೆ ಬ್ರೌಸರಿನ ಮೇಲುಪಟ್ಟಿಯಲ್ಲಿ ಕಾಣುವ ಖಾತೆಯ ಸಂಖ್ಯೆ ಅದೇ ಇತ್ತು. ಸ್ಕ್ರೀನ್‌ಶಾಟ್ ತೆಗೆಯುವಾಗ ಬರೀ ಬೈಗುಳವನ್ನು ಕತ್ತರಿಸಿ ತೆಗೆಯದೆ, ಮೂಲ ಬರಹ, ಗಂಟೆ, ವಿಳಾಸ ಎಲ್ಲವೂ ಕಾಣುವಂತೆ ಇಡೀ ಪರದೆಯನ್ನೇ ತೆಗೆದುಕೊಳ್ಳುತ್ತಿದ್ದೆವು. ಆಮೇಲೆ ಆ ವ್ಯಕ್ತಿಯ ಪುಟದಿಂದ ಪ್ರತಿಕ್ರಿಯೆಯವರೆಗೆ ಹೋಗುವುದನ್ನು ಸ್ಕ್ರೀನ್ ರೆಕಾರ್ಡಿಂಗ್ ಕೂಡ ಮಾಡುತ್ತಿದ್ದೆವು. ಹಳೆಯ ಫೋನನ್ನು ಯಾವ ಕಾರಣಕ್ಕೂ ಎಕ್ಸ್‌ಚೇಂಜ್‌ಗೆ ಕೊಡಬೇಡ ಎಂದು ಗೆಳತಿ ಕಟ್ಟಪ್ಪಣೆ ಮಾಡಿದ್ದಳು. ಪ್ರಿಂಟ್ ತೆಗೆದ ಹಾಳೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಅದು ಯಾವ ಸಾಧನದಿಂದ ಹೇಗೆ ಬಂತೆಂದು ದೃಢೀಕರಿಸುವ, ಆಗಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ ಜೊತೆಗಿರಬೇಕು, ಮೂಲ ಸಾಧನವನ್ನೇ ಹಾಜರುಪಡಿಸಿದರೆ ಅದರ ಅಗತ್ಯವಿಲ್ಲ ಎಂಬುದು ಅವಳ ವಿವರಣೆ.

ನಮೂದಿಸುವಾಗ ನಾನು ಪಕ್ಕದಲ್ಲಿ ಕೂರುತ್ತಿರಲಿಲ್ಲ. ಅತ್ತಿಗೆ ಓದಿ, ಬರೆದು, ನೋಟ್‌ಬುಕ್ ಮುಚ್ಚಿಟ್ಟ ಮೇಲೆ ಕಾಫಿಗೆ ಕರೆಯುತ್ತಿದ್ದರು. ಒಂದು ತಿಂಗಳಲ್ಲಿ 187 ನಮೂದುಗಳಾದವು.

ಜಾಲತಾಣಕ್ಕೆ ವರದಿ ಮಾಡುವ ಹಂತದಲ್ಲಿ ನನ್ನ ಕಸುಬು ಅನಿರೀಕ್ಷಿತವಾಗಿ ಕೆಲಸಕ್ಕೆ ಬಂತು. ಪ್ರತಿಕ್ರಿಯೆಯ ಪಕ್ಕದ ಗುಂಡಿ ಒತ್ತಿ ಮಾಡಿದ ವರದಿಗಳಿಗೆಲ್ಲ ‘ನಿಯಮ ಉಲ್ಲಂಘನೆ ಕಂಡುಬಂದಿಲ್ಲ’ ಎಂಬ ಒಂದೇ ಉತ್ತರ ಬರುತ್ತಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ಆ ಉತ್ತರ ಬಂದ ಬರಹಗಳನ್ನು ಅನುವಾದಕಿಯ ಕಣ್ಣಿನಿಂದ ಮತ್ತೆ ಓದಿದೆ. “ಬಸ್ಸು ಫ್ರೀ ಆಯ್ತು, ನೀನೂ ಫ್ರೀನಾ?” ಎಂಬುದರಲ್ಲಿ ಕೆಟ್ಟ ಪದ ಎಂದು ಬೆರಳಿಟ್ಟು ತೋರಿಸಲು ಒಂದೂ ಇಲ್ಲ. “ರೇಟೆಷ್ಟು ಆಂಟಿ” ಎಂಬುದನ್ನು ಕನ್ನಡ ಬಾರದವರೋ ಯಂತ್ರವೋ ಓದಿದರೆ ತರಕಾರಿ ಕೊಳ್ಳುವವರ ಮಾತಿನಂತೆ ಕಾಣುತ್ತದೆ. ‘ಬಜಾರಿ’ ಎಂಬ ಪದಕ್ಕೆ ನಿಘಂಟಿನ ಅರ್ಥ ಜಗಳಗಂಟಿ ಎಂಬುದಷ್ಟೇ, ಆದರೆ ಅದನ್ನು ಬರೆದವನು ಬಜಾರಿನಲ್ಲಿ ನಿಂತವಳು ಎಂಬ ಅರ್ಥವನ್ನೇ ಮುಂದಿನ ಸಾಲಿನಲ್ಲಿ ಬಿಡಿಸಿ ಹೇಳಿದ್ದ. ‘ಮೂರೂ ಬಿಟ್ಟವಳು’ ಎಂಬುದನ್ನು ಮಾನ, ಮರ್ಯಾದೆ, ನಾಚಿಕೆ ಗೊತ್ತಿಲ್ಲದ ಭಾಷೆಗೆ ಹೇಗೆ ದಾಟಿಸುವುದು? ನೇರವಾದ ಬೈಗುಳಗಳೂ ನಡುವೆ ಚುಕ್ಕಿ ಇಟ್ಟುಕೊಂಡು, ಅರ್ಧ ಇಂಗ್ಲಿಷ್ ಲಿಪಿ ಅರ್ಧ ಕನ್ನಡ ಲಿಪಿಯಲ್ಲಿ ವೇಷ ಹಾಕಿಕೊಂಡಿದ್ದವು. ಕನ್ನಡದಲ್ಲಿ ಹೆಣ್ಣನ್ನು ಬೈಯಲು ಇಷ್ಟೊಂದು ಸೂಕ್ಷ್ಮವಾದ ಭಾಷಾಜ್ಞಾನ ಇರುವವರು ಒಂದು ಪುಟ ಬೇರೆ ಏನಾದರೂ ಬರೆಯಬಾರದೇ ಎಂದು ಅತ್ತಿಗೆ ಒಮ್ಮೆ ಗೊಣಗಿದರು.

ಗುಂಡಿ ಒತ್ತುವುದನ್ನು ನಿಲ್ಲಿಸಿ, ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯತೊಡಗಿದೆ. ಒಂದೊಂದು ಪ್ರತಿಕ್ರಿಯೆಗೂ ಮೂಲ ಬರಹ, ಕನ್ನಡ ಲಿಪಿಯಲ್ಲಿ ಅದರ ಶುದ್ಧ ರೂಪ, ಇಂಗ್ಲಿಷಿನಲ್ಲಿ ಪದಶಃ ಅರ್ಥ, ಅದರ ಕೆಳಗೆ ಬೆಂಗಳೂರಿನ ಬೀದಿಯಲ್ಲಿ ಆ ಮಾತನ್ನು ಹೆಂಗಸಿಗೆ ಅಂದರೆ ಏನೆಂದು ಅರ್ಥವಾಗುತ್ತದೆ ಎಂಬ ಎರಡು ಸಾಲು, ಹೀಗೆ ಕ್ರಯಪತ್ರಕ್ಕೆ ಅಡಿಟಿಪ್ಪಣಿ ಬರೆಯುವ ಹಾಗೆ ಬರೆದೆ. ಮೊದಲ ಕಂತಿನಲ್ಲಿ ಕಳಿಸಿದ ಮೂವತ್ತರಲ್ಲಿ ಹತ್ತೊಂಬತ್ತನ್ನು ಜಾಲತಾಣ ತೆಗೆದುಹಾಕಿತು. ಉಳಿದವುಗಳಿಗೆ 30 ದಿನಗಳ ಒಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಯ ಮುಂದೆ ಆನ್‌ಲೈನಿನಲ್ಲೇ ಮನವಿ ಸಲ್ಲಿಸಬಹುದಿತ್ತು. ಆದರೆ ಅಷ್ಟರಲ್ಲಿ ನನಗೆ ಅದಕ್ಕಿಂತ ತುರ್ತಾದ ಇನ್ನೊಂದು ಕೆಲಸ ಬಂತು.

ಅನುವಾದದ ಕೆಲಸಕ್ಕೆಂದು ನನ್ನ ಫೋನ್ ಸಂಖ್ಯೆಯನ್ನು ನಾನೇ ಹಲವು ಕಡೆ ಹಾಕಿದ್ದೆ. ಜುಲೈ ಮೊದಲ ವಾರದಲ್ಲಿ ಅಣ್ಣನ ಮನೆಯ ಗೃಹಪ್ರವೇಶದಲ್ಲಿ ತೆಗೆದ ನನ್ನ ಚಿತ್ರದ ಮುಖವನ್ನು ಬೇರೊಂದು ದೇಹಕ್ಕೆ ಅಂಟಿಸಿ, ಕೆಳಗೆ ಆ ಸಂಖ್ಯೆಯನ್ನೂ ಹಾಕಿದರು. ಆ ರಾತ್ರಿ ಎಷ್ಟು ಕರೆಗಳು ಬಂದವು ಎಂಬುದನ್ನು ಬರೆಯುವುದರಿಂದ ಪ್ರಯೋಜನವಿಲ್ಲ. ಪ್ರಯೋಜನವಾದದ್ದು ಗೆಳತಿ ಹೇಳಿಕೊಟ್ಟ ಎರಡು ಸಂಗತಿ. ಒಂದು, ನಗ್ನತೆಯಿರುವ ಅಥವಾ ತಿರುಚಿದ ಚಿತ್ರದ ಬಗ್ಗೆ ಸ್ವತಃ ಆ ವ್ಯಕ್ತಿಯೇ ದೂರಿದರೆ 24 ಗಂಟೆಗಳಲ್ಲಿ ತೆಗೆಯಬೇಕು ಎಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 3(2)(ಬಿ) ಆಗ ಹೇಳುತ್ತಿತ್ತು. ನನ್ನ ನೋವು, ಅವಮಾನ ಯಾವುದನ್ನೂ ಬರೆಯದೆ, ಆ ನಿಯಮದ ಸಂಖ್ಯೆ, ಚಿತ್ರದ ವಿಳಾಸ, ‘ಚಿತ್ರದಲ್ಲಿರುವ ಮುಖ ನನ್ನದು, ದೇಹ ನನ್ನದಲ್ಲ’ ಎಂಬ ಒಂದು ವಾಕ್ಯ ಬರೆದು ಕಳಿಸಿದೆ. ಮರುದಿನ ಮಧ್ಯಾಹ್ನದೊಳಗೆ ಚಿತ್ರ ಇರಲಿಲ್ಲ. ಎರಡನೆಯದು, ಕರೆ ಮಾಡುವವರಿಗೆ ‘ನನಗೆ ಕರೆ ಮಾಡಬೇಡಿ, ಸಂದೇಶ ಕಳಿಸಬೇಡಿ’ ಎಂದು ಒಂದೇ ಒಂದು ಸಲ ಬರೆದು, ಅದರ ಚಿತ್ರ ಇಟ್ಟುಕೊಳ್ಳಬೇಕು, ಆಮೇಲೆ ಉತ್ತರಿಸಬಾರದು. ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಬೆನ್ನು ಬಿದ್ದರೆ ಅದು ಹಿಂಬಾಲಿಸುವ ಅಪರಾಧವಾಗುತ್ತದೆ. ಈ ಒಂದು ಸಾಲಿನ ಸಂದೇಶ ಆಮೇಲೆ ಇಡೀ ಪ್ರಕರಣಕ್ಕೆ ಆಧಾರವಾಯಿತು.

1930ಕ್ಕೆ ಕರೆ ಮಾಡಿ ಒಂದು ಗಂಟೆ ಹಾಳು ಮಾಡಿಕೊಂಡೆ, ಅದು ಮುಖ್ಯವಾಗಿ ಹಣ ಕಳೆದುಕೊಂಡವರಿಗೆ ಇರುವ ಸಂಖ್ಯೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರ ವಿಭಾಗದಲ್ಲಿ ಹೆಸರು ಹೇಳದೆಯೂ ದೂರಬಹುದು, ಆದರೆ ಹಾಗೆ ಮಾಡಿದರೆ ದೂರು ಎಲ್ಲಿಗೆ ಬಂತೆಂದು ತಿಳಿಯುವ ದಾರಿ ಇರುವುದಿಲ್ಲವಾದ್ದರಿಂದ ಹೆಸರು ಕೊಟ್ಟೇ ದೂರಿ, ಸ್ವೀಕೃತಿ ಸಂಖ್ಯೆ ಹಿಡಿದುಕೊಂಡು ಠಾಣೆಗೆ ಹೋದೆ. ಯಾವ ಠಾಣೆ ಎಂಬುದು ಇಲ್ಲಿ ಬೇಡ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಇದೇ ಊರಿನಲ್ಲಿ ಆರಂಭವಾಯಿತು ಎಂದು ಹೆಮ್ಮೆಪಡುವ ನಾವು, ಹೆಂಗಸೊಬ್ಬಳು ಫೈಲು ಹಿಡಿದು ಹೋದರೆ “ಅಕೌಂಟ್ ಡಿಲೀಟ್ ಮಾಡ್ಬಿಡಿ ಮೇಡಂ” ಎಂಬ ಸಲಹೆಯನ್ನೇ ಮೊದಲು ಕೇಳಬೇಕಾಗುತ್ತದೆ.

ಮೊದಲ ದಿನ ಎನ್‌ಸಿಆರ್, ಅಂದರೆ ನ್ಯಾಯಾಲಯದ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ‘ಅಸಂಜ್ಞೇಯ’ ಅಪರಾಧದ ಚೀಟಿ ಕೊಟ್ಟು ಕಳಿಸುವ ಪ್ರಯತ್ನ ನಡೆಯಿತು. ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ ಅನಾಮಧೇಯ ಬೆದರಿಕೆಯ ಕಲಂ 507 ಅಸಂಜ್ಞೇಯವಾದದ್ದರಿಂದ, ಬರೀ ಅದನ್ನು ಬರೆದುಕೊಂಡರೆ ಎಫ್‌ಐಆರ್ ಬೇಕಿಲ್ಲ. ಗೆಳತಿ ದೂರಿನ ಕರಡಿನಲ್ಲೇ ಅದೇ ಸಂಹಿತೆಯ ಹಿಂಬಾಲಿಸುವಿಕೆಯ 354ಡಿ, ಮಾನಕ್ಕೆ ಕುಂದು ತರುವ ಮಾತಿನ 509, ಅಶ್ಲೀಲ ಬರಹ-ಚಿತ್ರ ಹರಡುವುದರ ವಿರುದ್ಧದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67, ಇವನ್ನು ಮುಂದೆ ಇಟ್ಟಿದ್ದಳು. ಇವು ಸಂಜ್ಞೇಯ ಅಪರಾಧಗಳಾದ್ದರಿಂದ ದಾಖಲಿಸದೆ ಇರುವಂತಿಲ್ಲ ಎಂಬುದಕ್ಕೆ 2013ರ ಲಲಿತಾ ಕುಮಾರಿ ತೀರ್ಪನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದಳು. ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ ಅದೇ ಕಾಯ್ದೆಯ 66ಎ ಎಂದು ಮಾತ್ರ ಎಲ್ಲಿಯೂ ಬರೆಯಬೇಡ ಎಂದಿದ್ದಳು. ಆ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲೇ ರದ್ದು ಮಾಡಿದೆ. ಅದಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಆದರೆ 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನ ಇಬ್ಬರು ಯುವತಿಯರನ್ನು ಬಂದ್ ಬಗ್ಗೆ ಬರೆದ ಒಂದು ಮಾತಿಗಾಗಿ ಬಂಧಿಸಲು ಬಳಕೆಯಾದದ್ದೂ ಅದೇ ಕಲಂ. ಬಸ್ಸಿನ ಬಗ್ಗೆ ಬರೆದ ನನ್ನನ್ನೂ ಅದು ಬಿಡುತ್ತಿರಲಿಲ್ಲ.

ರೈಟರ್ ಕೈ ತೆಗೆದು ಕುಳಿತದ್ದು ಇದೆಲ್ಲ ಮುಗಿದ ಮೇಲೆ, ನನ್ನ ಹೇಳಿಕೆಯ ಮೂರನೆಯ ಪ್ಯಾರಾದಲ್ಲಿ. ಯಾವ ಮಾತು ಎಂದು ದಾಖಲೆಯಲ್ಲಿ ಇಲ್ಲದಿದ್ದರೆ ನಾಳೆ ಎದುರು ವಕೀಲರು ಅದನ್ನು ‘ಟೀಕೆ’ ಎನ್ನುತ್ತಾರೆ ಎಂದು ನಾನು ಹೇಳಿದೆ. ಅವರು ಒಪ್ಪಿದರೂ ಬೆರಳು ಆಡಲಿಲ್ಲ. ಕೊನೆಗೆ ಅತ್ತಿಗೆಯ ನೋಟ್‌ಬುಕ್ ತೆರೆದು, ನಮೂದಿನ ಸಂಖ್ಯೆ ಹೇಳುತ್ತಾ, ಅಕ್ಷರ ಅಕ್ಷರವಾಗಿ, ಎಲ್ಲಿ ಚುಕ್ಕಿ ಇದೆ ಎಲ್ಲಿ ಇಲ್ಲ ಎಂಬುದನ್ನೂ ಸೇರಿಸಿ ಹೇಳತೊಡಗಿದೆ. ನಾನು ನಾಚಿಕೊಂಡಿರಲಿಲ್ಲ ಎಂದಲ್ಲ, ಗಂಟಲು ಎರಡು ಸಲ ಕಟ್ಟಿತು. ಆದರೆ ನಾಲ್ಕನೆಯ ನಮೂದಿನ ಹೊತ್ತಿಗೆ ಅದು ನನ್ನ ಬಗ್ಗೆ ಬರೆದ ಮಾತಾಗಿ ಉಳಿಯದೆ, ಯಾರೋ ಬರೆದ ದಾಖಲೆಯಾಯಿತು, ರೈಟರ್ ಕೂಡ “ಇಲ್ಲಿ ದೀರ್ಘಾನಾ ಮೇಡಂ?” ಎಂದು ಕೇಳುವಷ್ಟು ಸಹಜವಾದರು.

ಕರೆ ಮಾಡುತ್ತಿದ್ದವರಲ್ಲಿ ಒಬ್ಬನನ್ನು ಪತ್ತೆ ಹಚ್ಚಿದರು. 2022ರ ಜನವರಿಯಲ್ಲಿ ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ‘ಹರಾಜಿಗೆ’ ಇಟ್ಟ ಬುಲ್ಲಿ ಬಾಯಿ ಆ್ಯಪ್ ಪ್ರಕರಣದಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಮುಂಬೈ ಪೊಲೀಸರು ಬಂಧಿಸಿದಾಗ, ಇಂಥವರೆಲ್ಲ ಹುಡುಗರು, ಕೆಲಸವಿಲ್ಲದವರು ಎಂದುಕೊಂಡಿದ್ದೆ. ಸಿಕ್ಕವನು ನಲವತ್ತಾರು ವರ್ಷದವನು, ನಮ್ಮ ಮನೆಗೆ ಮೂರು ಕಿಲೋಮೀಟರ್ ದೂರದಲ್ಲಿ ಸಂಸಾರವಂದಿಗ. ಮುಚ್ಚಳಿಕೆ ಬರೆಸಿ ಬಿಟ್ಟರೆ ಸಾಕಲ್ಲವೇ ಎಂದು ಅವನ ಕಡೆಯವರು ಬಂದು ಕೇಳಿದರು. ನಾನು ಒಪ್ಪಲಿಲ್ಲ. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ, ದಿನಾಂಕಗಳು ಮುಂದಕ್ಕೆ ಹೋಗುತ್ತಿವೆ.

ಆ ಮೇಲೆ ಬಾಯಿಂದ ಬಾಯಿಗೆ ಹರಡಿ ಕೆಲವರು ಬರತೊಡಗಿದರು. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದು ಕಲಮುಗಳ ಸಂಖ್ಯೆ ಬದಲಾದ ಕಾರಣ, ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ 354ಡಿಗೆ ಭಾರತೀಯ ನ್ಯಾಯ ಸಂಹಿತೆಯ 78, 509ಕ್ಕೆ 79, 65ಬಿಗೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63 ಎಂದು ಅತ್ತಿಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ. ಈಗಿನ ಪ್ರಮಾಣಪತ್ರಕ್ಕೆ ತಜ್ಞರು ತುಂಬುವ ಎರಡನೆಯ ಭಾಗವೂ ಇರುವುದರಿಂದ ಅದನ್ನು ಗೆಳತಿಗೇ ಬಿಡುತ್ತೇವೆ. ಖಾಸಗಿ ಚಿತ್ರ ಹೊರಬಿಡುವ ಬೆದರಿಕೆ ಇದ್ದವರಿಗೆ ಸ್ಟಾಪ್‌ಎನ್‌ಸಿಐಐ ತಾಣವನ್ನು ತೋರಿಸುತ್ತೇನೆ, ಚಿತ್ರ ಫೋನಿನಲ್ಲೇ ಉಳಿದು ಅದನ್ನು ಗುರುತಿಸಿ ತಡೆಯಲು ಬೇಕಾದ ಅಂಕಿಗುರುತು ಮಾತ್ರ ಆ ತಾಣದ ಜೊತೆ ಸೇರಿಕೊಂಡಿರುವ ಕಂಪನಿಗಳಿಗೆ ಹೋಗುತ್ತದೆ. ಹದಿನೆಂಟು ತುಂಬಿದವರಿಗೆ ಮಾತ್ರ ಅದು.

ಕಳೆದ ಬಾರಿ ಬಂದವಳು ವಿಜಯನಗರದ ಪಿಜಿಯಲ್ಲಿರುವ, ದಾವಣಗೆರೆ ಕಡೆಯ ಹುಡುಗಿ. ಹೊಸ ಹೊಸ ಖಾತೆಗಳಿಂದ ಒಬ್ಬನೇ ಬರೆಯುತ್ತಿದ್ದಾನೆ ಎಂಬುದು ಅವಳ ಅನುಮಾನ. “ಆ ಮಾತನ್ನ ನಾನು ಬರೆಯಲ್ಲ ಅಕ್ಕ” ಎಂದಳು. ನೀನು ಪರದೆ ಹಿಡಿದುಕೋ, ನಾನು ಬರೆಯುತ್ತೇನೆ ಎಂದೆ. ಆರು ನಮೂದು ಬರೆದು ಸರಿಯಿದೆಯೇ ನೋಡು ಎಂದು ನೋಟ್‌ಬುಕ್ ಕೊಟ್ಟಾಗ, ಅವಳು ಬೆರಳಿಟ್ಟು ಓದುತ್ತಾ ಹೋಗಿ ಎರಡನೆಯದರಲ್ಲಿ ನಿಂತಳು. “ಇಲ್ಲಿ ನೀವು ‘ನೀನು’ ಅಂತ ಬರೆದಿದೀರ ಅಕ್ಕ. ಅವನು ‘ನೀವು’ ಅಂತ ಹಾಕಿದಾನೆ.” ನೋಡಿದೆ, ಅಷ್ಟು ಹೊಲಸು ಬರಹದಲ್ಲಿ ಆರಕ್ಕೆ ಆರರಲ್ಲೂ ‘ನೀವು’ ಎಂದೇ ಇತ್ತು, ನನ್ನ ಕೈ ಅಭ್ಯಾಸದಿಂದ ಅದನ್ನು ಏಕವಚನಕ್ಕೆ ಇಳಿಸಿತ್ತು. ಪಿಜಿಯಲ್ಲಿ, ಊರಿನಲ್ಲಿ, ಕಾಲೇಜಿನ ಗುಂಪಿನಲ್ಲಿ ಅವಳನ್ನು ಯಾರೂ ಬಹುವಚನದಲ್ಲಿ ಮಾತನಾಡಿಸುವುದಿಲ್ಲ. ಹಾಗೆ ಕರೆಯುವವರು ಅವಳ ಕೈಕೆಳಗೆ ಆ ವರ್ಷ ಕೆಲಸಕ್ಕೆ ಸೇರಿದ ಮೂವರು. ತಪ್ಪನ್ನು ತಿದ್ದಿ, ಪಕ್ಕದಲ್ಲಿ ನನ್ನ ಸಹಿ ಹಾಕಿ, ಈ ಸಂಗತಿಯನ್ನು ದೂರಿನ ಮೊದಲ ಪುಟಕ್ಕೆ ಸೇರಿಸಿದೆವು.