ರಾಗಿ ಕೊಯ್ಲಿನ ಯಂತ್ರವನ್ನು ಅಳೆದು ನೋಡುವ ಬಗೆ

ಚಿಂತಾಮಣಿ, ಶ್ರೀನಿವಾಸಪುರದ ಕಡೆ ರಾಗಿ ಕೊಯ್ಲಿಗೆ ಕಂಬೈನ್ ಹಾರ್ವೆಸ್ಟರ್ (ಬೆಳೆ ಕೊಯ್ದು, ಕಾಳು ಬಿಡಿಸಿ, ಹೊಟ್ಟು ತೂರುವ ಯಂತ್ರ) ಕರೆಸುವ ರೈತಬಾಂಧವರು ಗಂಟೆಯ ಬಾಡಿಗೆಯನ್ನಷ್ಟೇ ವಿಚಾರಿಸದೆ, ಮೊದಲ ಸುತ್ತು ಮುಗಿದೊಡನೆ ಯಂತ್ರವನ್ನು ನಿಲ್ಲಿಸಲು ಹೇಳಿ, ಹಿಂದೆ ಬಿದ್ದ ಹುಲ್ಲನ್ನು ಸರಿಸಿ ನೋಡಬೇಕೆಂದು ಕೋರುತ್ತೇನೆ. ನಾಲ್ಕಾರು ಕಡೆ ಆರಿಸಿದಾಗ ಚದರ ಮೀಟರಿಗೆ ಸರಾಸರಿ 10 ಗ್ರಾಂ ಕಾಳು ಸಿಕ್ಕಿದರೆ, ಎಕರೆಗೆ ಸುಮಾರು 40 ಕಿಲೋ ರಾಗಿ ಮಣ್ಣುಪಾಲಾಗುತ್ತಿದೆ ಎಂದರ್ಥ. ಇದು ಸಣ್ಣ ನಷ್ಟವಲ್ಲ. ರಾಗಿ ಸಣ್ಣ ಕಾಳಾದ್ದರಿಂದ ಫ್ಯಾನಿನ ಗಾಳಿ ಹೆಚ್ಚಾದರೆ ಹೊಟ್ಟಿನೊಂದಿಗೆ ಹಾರಿಹೋಗುತ್ತದೆ, ಕಡಿಮೆಯಾದರೆ ಟ್ಯಾಂಕಿನಲ್ಲಿ ಕಸ ಉಳಿಯುತ್ತದೆ. ಟ್ಯಾಂಕಿನಿಂದ ಒಂದು ಹಿಡಿ ತೆಗೆದು ಬಿಳಿ ಬಟ್ಟೆಯ ಮೇಲೆ ಹರಡಿ, ಒಡೆದ ಕಾಳು ಹೆಚ್ಚಿದ್ದರೆ ತೆನೆಯಿಂದ ಕಾಳು ಬಿಡಿಸುವ ಡ್ರಮ್ಮಿನ ವೇಗ ತಗ್ಗಿಸಲು ಚಾಲಕರಿಗೆ ತಿಳಿಸಿ. ಇಬ್ಬನಿ ಆರಿದ ಮೇಲೆಯೇ ಕೊಯ್ಲು ಆರಂಭಿಸಬೇಕು. ಸ್ವಂತ ಯಂತ್ರವುಳ್ಳವರು ಡೀಸೆಲ್ ಖರ್ಚನ್ನು ಗಂಟೆಗಿಷ್ಟು ಎನ್ನದೆ, ಕೈಸೇರಿದ ಪ್ರತಿ ಕ್ವಿಂಟಾಲಿಗೆ ಎಷ್ಟು ಲೀಟರ್ ಎಂದು ಬರೆದಿಡುವುದು ಸೂಕ್ತ.