ಸ್ಟೋರ್ಸ್‌ನಲ್ಲಿ ಬೇರಿಂಗ್ ಎಷ್ಟಿರಬೇಕು? ಪೀಣ್ಯದ ಪಂಪ್ ಘಟಕದ ಲೆಕ್ಕ

ಒಂದು ಬೇರಿಂಗ್ ಇಲ್ಲದಿದ್ದರೂ ಜೋಡಣೆ ಲೈನ್ ನಿಲ್ಲುತ್ತದೆ. ಹಾಗೆಂದು ರಾಶಿ ಹಾಕಿಕೊಂಡು ಕೂತರೆ ದುಡ್ಡೆಲ್ಲ ರ‍್ಯಾಕಿನಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪ್ರತಿ ಪಿಒಗೆ (ಖರೀದಿ ಆರ್ಡರ್‌ಗೆ) ಮೂರು ತಾರೀಖು ದಾಖಲಿಸುತ್ತೇವೆ: ಆರ್ಡರ್ ಕೊಟ್ಟದ್ದು, ಸಪ್ಲೈಯರ್ ಒಪ್ಪಿದ್ದು, ಮಾಲು ಗೇಟಿಗೆ ಬಂದದ್ದು. ಕಂತಿನಲ್ಲಿ ಬಂದರೆ ಕೊನೆಯ ಕಂತಿನ ತಾರೀಖೇ ಲೆಕ್ಕ.

ಬೇರಿಂಗ್ ದಿನಕ್ಕೆ ಸರಾಸರಿ 40 ಬೇಕು, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಆಚೀಚೆ ಆಗುವ ಏರುಪೇರಿನ ಅಳತೆ) 8. ಆರ್ಡರ್ ಕೊಟ್ಟ ಮೇಲೆ ಮಾಲು ಬರಲು ಸರಾಸರಿ 12 ದಿನ. ಮಾಲು ಬರುವ ತನಕ ದಾಸ್ತಾನು ಮುಗಿಯದು ಎಂಬ 95% ಭರವಸೆಗೆ ಗುಣಕ 1.65. ಬಳಕೆಯ ಏರುಪೇರನ್ನಷ್ಟೇ ಹಿಡಿದರೆ ಸೇಫ್ಟಿ ಸ್ಟಾಕ್ (ಏರುಪೇರಿಗೆಂದು ಇಟ್ಟುಕೊಳ್ಳುವ ಹೆಚ್ಚುವರಿ ದಾಸ್ತಾನು) 1.65 × 8 × √12, ಅಂದರೆ 46. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಎಡವುವುದೂ ಇಲ್ಲೇ. ಮಾಲು ಬರುವ ದಿನಗಳಲ್ಲೇ 4 ದಿನದ ಡೀವಿಯೇಶನ್ ಇದೆ. ಅದನ್ನೂ ಸೇರಿಸಿದರೆ 1.65 × √(12 × 8² + 40² × 4²) = 268. ಇದಕ್ಕೆ 12 ದಿನದ ಬಳಕೆ 480 ಕೂಡಿಸಿ, ದಾಸ್ತಾನು 748ಕ್ಕೆ ಇಳಿದ ಕೂಡಲೇ ಆರ್ಡರ್ ಹಾಕುತ್ತೇವೆ.

ಡೀವಿಯೇಶನ್ 4ರಿಂದ 2 ದಿನಕ್ಕೆ ಇಳಿದರೆ ಅದೇ 268 ಸುಮಾರು 140 ಆಗುತ್ತದೆ. ಚೌಕಾಸಿ ಮಾಡಿ ದರ ಇಳಿಸುವುದಕ್ಕಿಂತ ನನಗೆ ಇದೇ ದೊಡ್ಡ ಉಳಿತಾಯ. ಅದಕ್ಕೆಂದೇ ಮುಂದಿನ 6 ವಾರದ ಉತ್ಪಾದನಾ ಪಟ್ಟಿಯನ್ನು ಪ್ರತಿ ಸೋಮವಾರ ಸಪ್ಲೈಯರ್‌ಗೆ ಕಳಿಸುತ್ತೇವೆ. ಮೊದಲ 2 ವಾರದ್ದನ್ನು ಆಮೇಲೆ ಬದಲಿಸುವುದಿಲ್ಲ.

ದಾಸ್ತಾನು ಸುಳ್ಳಾದರೆ ಈ ಲೆಕ್ಕವೆಲ್ಲ ವ್ಯರ್ಥ. ಬಾರ್‌ಕೋಡ್ ಸ್ಕ್ಯಾನ್ ಆಗಬೇಕಾದದ್ದು ಮಾಲು ಕೈ ಬದಲಾಗುವ ಗಳಿಗೆಯಲ್ಲಿ. ಸಂಜೆ ಒಟ್ಟಿಗೆ ಹೊಡೆದರೆ ದಿನವಿಡೀ ಕಂಪ್ಯೂಟರ್ ಒಂದು ಹೇಳುತ್ತದೆ, ರ‍್ಯಾಕ್ ಇನ್ನೊಂದು. ಥರ್ಮಲ್ ಕಾಗದದ ಲೇಬಲ್ ಎಣ್ಣೆಗೆ ಮಾಸುತ್ತದೆ, ಪಾಲಿಯೆಸ್ಟರ್ ಲೇಬಲ್ ಮೇಲೆ ರೆಸಿನ್ ರಿಬ್ಬನ್‌ನಿಂದ (ರಾಳದ ಶಾಯಿಯ ಪಟ್ಟಿಯಿಂದ) ಮುದ್ರಿಸಿ. ಪಿಒದಲ್ಲಿ ಬಾಕ್ಸ್, ಇಶ್ಯೂನಲ್ಲಿ (ಸ್ಟೋರ್ಸ್‌ನಿಂದ ಲೈನ್‌ಗೆ ಕೊಡುವಾಗ) ಪೀಸ್ ಎಂದಿದ್ದರೆ ಕಂಪ್ಯೂಟರಿನಲ್ಲಿ ಒಂದು ಬಾಕ್ಸ್ ಒಂದೇ ಪೀಸಾಗಿ ಕೂರುತ್ತದೆ. ವಾರಕ್ಕೊಮ್ಮೆ 20 ಐಟಂ ಕೈಯಲ್ಲೇ ಎಣಿಸುತ್ತೇವೆ, ದುಬಾರಿಯವು ಮೊದಲು.

2011ರ ಮಾರ್ಚ್‌ನಲ್ಲಿ ಜಪಾನಿನ ಭೂಕಂಪಕ್ಕೆ ರೆನೆಸಾಸ್‌ನ ನಾಕಾ ಚಿಪ್ ಕಾರ್ಖಾನೆ ನಿಂತಾಗ ಹಲವು ಕಾರು ಕಂಪನಿಗಳಿಗೆ ಒಟ್ಟಿಗೇ ಏಟು ಬಿತ್ತು. ನೇರ ಸಪ್ಲೈಯರ್‌ಗಳು ಬೇರೆಬೇರೆ, ಚಿಪ್ ಮಾತ್ರ ಅಲ್ಲಿಯದೇ. ಆದ್ದರಿಂದ ಎರಡನೇ ಸಪ್ಲೈಯರ್‌ನನ್ನು ಹುಡುಕುವಾಗ ನಾವು ಮೊದಲು ಕೇಳುವುದು, ‘ನಿಮಗೆ ಮಾಲು ಎಲ್ಲಿಂದ ಬರುತ್ತದೆ?’ ಇಬ್ಬರಿಗೂ ಆಮದುದಾರ ಒಬ್ಬನೇ ಆದರೆ ಅದು ಒಂದೇ ದಾರಿ. ಆಮೇಲೆ ಆ ಎರಡನೇ ಸಪ್ಲೈಯರ್‌ಗೆ ಆರ್ಡರಿನ ಐದನೇ ಒಂದು ಭಾಗವನ್ನು ಖಾಯಂ ಕೊಡುತ್ತೇವೆ. ಬರೀ ಹೆಸರು ಬರೆದಿಟ್ಟುಕೊಂಡರೆ, ಮಾಲಿಗೆ ತತ್ವಾರ ಬಂದ ದಿನ ಆತ ತನ್ನ ಹಳೇ ಗಿರಾಕಿಗೇ ಮೊದಲು ಕೊಡುತ್ತಾನೆ.